ಚಪಲ ಮತ್ತು ಸಂಯಮ: ಒಂದು ಶಬ್ದವಿಚಾರ

ಶ್ರೀಮದ್ಭಗವದ್ಗೀತೆಯ ಹದಿನಾರನೆಯ ಅಧ್ಯಾಯದ ಆರಂಭದಲ್ಲಿ ಭಗವಂತನು ದೈವೀಸಂಪತ್ತಿನ ಗುಣಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಅಭಯ, ಅಹಿಂಸೆ, ಸತ್ಯ, ದಯೆ, ಕ್ಷಮೆ ಮೊದಲಾದ ಮಹಾಗುಣಗಳ ನಡುವೆ ಅಲ್ಲಿ ‘ಅಚಾಪಲ’ ಎಂಬ ಒಂದು ಚಿಕ್ಕ ಶಬ್ದವೂ ಇದೆ. ಪಾರಾಯಣ ಮಾಡುವಾಗ ಈ ಶಬ್ದದ ಬಳಿ ನಾವು ನಿಲ್ಲುವುದು ಅಪರೂಪ. ಚಪಲವೆಂದರೇನೆಂದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕರಿದ ತಿಂಡಿಯನ್ನು ಕಂಡೊಡನೆ ಬಾಯಲ್ಲಿ ನೀರೂರುವುದು, ಬೇಡವೆಂದುಕೊಂಡರೂ ಇನ್ನೊಬ್ಬರ ಮನೆಯ ಸುದ್ದಿಯನ್ನು ಆಡಿಯೇ ತೀರುವುದು, ಇವೇ ತಾನೆ ಚಪಲ? ಅದು ಇಲ್ಲದಿರುವುದೇ ಅಚಾಪಲವೆಂದು ಭಾವಿಸಿ ಮುಂದೆ ಸಾಗುತ್ತೇವೆ.

ಆದರೆ ಅದೇ ಶ್ಲೋಕದಲ್ಲಿ ಸ್ವಲ್ಪ ಹಿಂದೆಯೇ ‘ಅಲೋಲುಪ್ತ್ವ’ ಎಂಬ ಇನ್ನೊಂದು ಗುಣ ಹೇಳಲ್ಪಟ್ಟಿದೆ. ವಿಷಯಗಳ ಕಡೆಗೆ ಆಸೆಬುರುಕತನ ಇಲ್ಲದಿರುವುದೇ ಅದರ ಅರ್ಥ. ಅಚಾಪಲಕ್ಕೂ ಅದೇ ಅರ್ಥವಾದರೆ ಒಂದೇ ಶ್ಲೋಕದಲ್ಲಿ ಒಂದೇ ಗುಣವನ್ನು ಎರಡು ಬಾರಿ ಹೇಳಿದಂತಾಗುತ್ತದೆ. ಭಗವಂತನ ಮಾತಿನಲ್ಲಿ ಅಂತಹ ವ್ಯರ್ಥಪದವನ್ನು ಒಪ್ಪಲಾಗದು. ಆದ್ದರಿಂದ ಚಪಲವೆಂಬ ಶಬ್ದಕ್ಕೆ ನಾವು ದಿನಬಳಕೆಯಲ್ಲಿ ಕೊಡುವ ಅರ್ಥಕ್ಕಿಂತ ಬೇರೆಯಾದ ಮೂಲಾರ್ಥವಿರಬೇಕು. ಅದನ್ನು ಹುಡುಕುವುದು ಕೇವಲ ಪಂಡಿತರ ಕುತೂಹಲದ ವಿಷಯವೆಂದು ತಿಳಿಯಬಾರದು. ನಮ್ಮ ಮನೆಗಳಲ್ಲಿ ನಡೆಯುವ ಅನೇಕ ತಪ್ಪುಗಳ ಹೊಣೆ ಯಾರದು ಎಂಬ ಪ್ರಶ್ನೆ ಈ ಶಬ್ದದೊಳಗೆ ಅಡಗಿದೆ.

ಸಂಸ್ಕೃತದಲ್ಲಿ ‘ಚಪಲ’ ಎಂದರೆ ಅಲುಗಾಡುವುದು, ನಿಂತಲ್ಲಿ ನಿಲ್ಲದಿರುವುದು. ಪ್ರಾಚೀನ ವೈಯಾಕರಣರು ಇದನ್ನು ಚಲನೆಯ ಅರ್ಥವುಳ್ಳ ‘ಚುಪ್’ ಧಾತುವಿನಿಂದ ಸಾಧಿಸಿದರು. ಆಧುನಿಕ ಭಾಷಾಪಂಡಿತರು ನಡುಗು ಎಂಬರ್ಥದ ‘ಕಂಪ್’ ಧಾತುವಿನೊಡನೆ ಸಂಬಂಧ ಕಲ್ಪಿಸಿದರು. ಧಾತು ಯಾವುದಾದರೂ ಆಗಲಿ, ಇಬ್ಬರೂ ಹೇಳುವುದು ಅಸ್ಥಿರತೆಯನ್ನೇ. ಅಮರಕೋಶದಲ್ಲಿ ಮಿಂಚಿಗೆ ‘ಚಪಲಾ’ ಎಂದು ಹೆಸರು, ಪಾದರಸಕ್ಕೆ ‘ಚಪಲ’ ಎಂದು ಹೆಸರು. ಮಿಂಚಿಗೆ ಆಸೆಯುಂಟೆ? ಪಾದರಸಕ್ಕೆ ನಾಲಿಗೆಯುಂಟೆ? ಅವು ಹಿಡಿದಲ್ಲಿ ನಿಲ್ಲುವುದಿಲ್ಲ, ಅಷ್ಟೇ. ಒಳಿತು ಕೆಡುಕುಗಳನ್ನು ಯೋಚಿಸದೆ ಥಟ್ಟನೆ ಕೆಲಸಕ್ಕೆ ಕೈಹಾಕುವವನಿಗೂ ಚಪಲನೆಂಬ ಹೆಸರು ಬಂದದ್ದು ಈ ಕಾರಣದಿಂದಲೇ. ಆದುದರಿಂದ ಲೋಲುಪತೆಯು ಆಸೆಯ ದೋಷ, ಚಾಪಲವು ನಿಲುವಿನ ದೋಷ ಎಂದು ವಿವೇಕ ಮಾಡಿಕೊಳ್ಳಬೇಕು. ಹೆಚ್ಚಿನ ಆಸೆಯಿಲ್ಲದವನೂ ಚಪಲನಾಗಿರಬಹುದು. ನಿಶ್ಚಯಿಸಿದ್ದನ್ನು ನಿಶ್ಚಯಿಸಿದ ಹಾಗೆ ಹಿಡಿದುಕೊಳ್ಳಲಾಗದಿದ್ದರೆ ಸಾಕು.

ಈ ಶಬ್ದವು ಕನ್ನಡಕ್ಕೆ ಬಂದ ಮೇಲೆ ಒಂದು ವಿಚಿತ್ರ ಪರಿವರ್ತನೆಯನ್ನು ಹೊಂದಿತು. ‘ಚಪಲಚಿತ್ತ’ ಎಂಬ ಸಮಾಸದಲ್ಲಿ ಹಳೆಯ ಅರ್ಥ ಉಳಿದಿದೆ. ಆದರೆ ‘ಬಾಯಿಚಪಲ’, ‘ಮಾತಿನ ಚಪಲ’, ‘ತಿನ್ನುವ ಚಪಲ’ ಎಂಬ ಮಾತುಗಳಲ್ಲಿ ಅದು ವಿಶೇಷಣವಾಗಿರದೆ ಒಂದು ವಸ್ತುವೇ ಆಗಿಬಿಟ್ಟಿದೆ. ಸಂಸ್ಕೃತದಲ್ಲಿ ಮನುಷ್ಯನೇ ಚಪಲನು. ಕನ್ನಡದಲ್ಲಿ ಮನುಷ್ಯನಿಗೆ ಚಪಲ ಇರುತ್ತದೆ. ‘ಅವನಿಗೆ ಜ್ವರ’ ಎಂದಂತೆ ‘ಅವನಿಗೆ ಚಪಲ’ ಎನ್ನುತ್ತೇವೆ. ಜ್ವರವು ಹೊರಗಿನಿಂದ ಬಂದು ಹಿಡಿಯುವಂತಹದು; ಅದಕ್ಕೆ ರೋಗಿಯನ್ನು ಬೈಯುವವರಿಲ್ಲ. ವಿಭಕ್ತಿಯೊಂದು ಬದಲಾದುದರಿಂದ ಹೊಣೆಯೂ ಮೆಲ್ಲನೆ ಜಾರಿಕೊಂಡಿತು. ‘ಏನು ಮಾಡಲಿ, ನಾಲಿಗೆ ಕೇಳುವುದಿಲ್ಲ’ ಎಂದು ನಾವು ನಗುತ್ತಾ ಹೇಳುವಾಗ ನಾಲಿಗೆಯು ಬೇರೆ ಯಾರದೋ ಎಂಬಂತೆ ಮಾತನಾಡುತ್ತೇವೆ. ನಾಲಿಗೆಯನ್ನೇ ಎದುರು ನಿಲ್ಲಿಸಿಕೊಂಡು ಬುದ್ಧಿ ಹೇಳುವ ಪದವನ್ನು ಪುರಂದರದಾಸರು ಹಾಡಿದ್ದು ಬಹುಶಃ ಈ ನೆಪವನ್ನು ಬಲ್ಲವರಾಗಿಯೇ ಇರಬೇಕು. ನಾಲಿಗೆಗೆ ಹೇಳಿದ ಬುದ್ಧಿಯನ್ನು ಕೇಳಿಸಿಕೊಳ್ಳಬೇಕಾದವನು ನಾಲಿಗೆಯ ಒಡೆಯನು.

ಹಾಗಾದರೆ ಚಾಪಲಕ್ಕೆ ವಿರುದ್ಧವಾದ ಗುಣ ಯಾವುದು? ಬಲವೆಂದು ಹೇಳುವವರುಂಟು. ಯವನದೇಶದ ತತ್ತ್ವಜ್ಞನಾದ ಅರಿಸ್ಟಾಟಲನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ತನ್ನ ನೀತಿಶಾಸ್ತ್ರಗ್ರಂಥದ ಏಳನೆಯ ಭಾಗದಲ್ಲಿ ಈ ದೋಷವನ್ನು ವಿಸ್ತಾರವಾಗಿ ಚರ್ಚಿಸಿ ಅದನ್ನು ‘ಅಕ್ರಸಿಯ’ ಎಂದು ಕರೆದನು. ‘ಅ’ ಎಂಬುದು ನಮ್ಮಲ್ಲಿಯಂತೆಯೇ ನಿಷೇಧಾರ್ಥಕ. ‘ಕ್ರಾಟಸ್’ ಎಂದರೆ ಬಲ, ಒಡೆತನ. ‘ಡೆಮಾಕ್ರಸಿ’ ಎಂಬ ಶಬ್ದದಲ್ಲಿಯೂ ಇದೇ ಕ್ರಾಟಸ್ ಇದೆ. ಒಳ್ಳೆಯದನ್ನು ತಿಳಿದೂ ಕೆಟ್ಟದ್ದನ್ನು ಮಾಡುವವನು ತನ್ನ ಮೇಲೆ ತನಗೇ ಒಡೆತನವಿಲ್ಲದವನು ಎಂದು ಇದರ ತಾತ್ಪರ್ಯ. ಅದಕ್ಕೂ ಮೊದಲು ಸಾಕ್ರಟೀಸನು, ನಿಜವಾಗಿ ತಿಳಿದವನು ತಪ್ಪು ಮಾಡಲಾರನು, ತಪ್ಪು ಮಾಡಿದನೆಂದರೆ ಅವನಿಗೆ ತಿಳಿದಿರಲಿಲ್ಲವೆಂದೇ ಅರ್ಥ ಎಂದು ವಾದಿಸಿದ್ದನು. ಹೀಗೆ ಒಬ್ಬರು ಒಡೆತನದ ಕೊರತೆ ಎಂದರು, ಇನ್ನೊಬ್ಬರು ಅರಿವಿನ ಕೊರತೆ ಎಂದರು.

ನಮ್ಮ ಸೀಮೆಯವರಿಗೆ ಚಿರಪರಿಚಿತವಾದ ಒಂದು ಕಥೆಯಲ್ಲಿ ಇದನ್ನು ಪರೀಕ್ಷಿಸೋಣ. ಹಿರೇಕೆರೂರಿಗೆ ನೆರೆಯ ಹಾನಗಲ್ಲಿನ ಜನ ತಮ್ಮ ಊರೇ ಮಹಾಭಾರತದ ವಿರಾಟನಗರವೆಂದು ಹಿಂದಿನಿಂದಲೂ ನಂಬಿಕೊಂಡು ಬಂದಿದ್ದಾರೆ. ವಿರಾಟನ ಸೇನಾಪತಿಯಾದ ಕೀಚಕನು ದುರ್ಬಲನಾಗಿರಲಿಲ್ಲ. ಅವನ ತೋಳ್ಬಲದ ಮೇಲೆಯೇ ಆ ರಾಜ್ಯ ನಿಂತಿತ್ತು. ಅವನಿಗೆ ತಿಳಿವಳಿಕೆ ಇರಲಿಲ್ಲವೆನ್ನಲೂ ಬರುವುದಿಲ್ಲ. ತಾನು ಪರಪತ್ನಿ, ಐವರು ಗಂಧರ್ವರು ತನ್ನನ್ನು ಕಾಯುತ್ತಿದ್ದಾರೆ, ಈ ದಾರಿಯಲ್ಲಿ ನಿನಗೆ ಮರಣವೇ ಗತಿ ಎಂದು ದ್ರೌಪದಿಯು ಅವನಿಗೆ ಬಾಯಿಬಿಟ್ಟು ಹೇಳಿದ್ದಳು. ಬಲವೂ ಇತ್ತು, ಅರಿವೂ ಇತ್ತು, ಆದರೂ ಕೆಟ್ಟನು. ಅದೇ ಕಥೆಯಲ್ಲಿ ಅವನಿಗಿಂತ ಬಲಶಾಲಿಯಾದ ಇನ್ನೊಬ್ಬನಿದ್ದಾನೆ. ತುಂಬಿದ ಸಭೆಯಲ್ಲಿ ಕೀಚಕನು ದ್ರೌಪದಿಯನ್ನು ಒದ್ದಾಗ ವಾಯುಪುತ್ರನಾದ ಭೀಮಸೇನನು ಹಲ್ಲುಕಡಿಯುತ್ತಾ ಅಲ್ಲಿಯೇ ಕುಳಿತಿದ್ದನು. ಅಣ್ಣನ ಸಂಕೇತವೊಂದಕ್ಕೆ ತನ್ನನ್ನು ತಾನು ತಡೆದುಕೊಂಡನು. ಕೋಪ ಆರಿತೆಂದು ಅದರ ಅರ್ಥವಲ್ಲ. ಆ ರಾತ್ರಿಯಾಗಲಿ ಮಾರನೆಯ ರಾತ್ರಿಯಾಗಲಿ ತಕ್ಕ ಸ್ಥಳದಲ್ಲಿ ತಕ್ಕ ಕಾಲಕ್ಕೆ ಬಿಡಬೇಕೆಂದು ಅದನ್ನು ಹಿಡಿದಿಟ್ಟುಕೊಂಡನು. ನರ್ತನಶಾಲೆಯ ಕತ್ತಲಲ್ಲಿ ಅದನ್ನು ಬಿಟ್ಟಾಗ ಕೀಚಕನು ಉಳಿಯಲಿಲ್ಲ. ಇಬ್ಬರಲ್ಲಿಯೂ ಬಲವಿದೆ, ಇಬ್ಬರಲ್ಲಿಯೂ ವೇಗವಿದೆ. ಒಬ್ಬನಲ್ಲಿ ಹಿಡಿತವಿದೆ, ಒಬ್ಬನಲ್ಲಿ ಇಲ್ಲ.

ಈ ಹಿಡಿತವೇ ನಮ್ಮ ಶಾಸ್ತ್ರಗಳಲ್ಲಿ ‘ಸಂಯಮ’ವೆನಿಸಿದೆ. ‘ಯಮ್’ ಧಾತುವಿಗೆ ಹಿಡಿ, ತಡೆ, ಅಂಕೆಯಲ್ಲಿಡು ಎಂದು ಅರ್ಥ. ಕುದುರೆಯ ಹಗ್ಗ ಹಿಡಿದವನು ಈ ಧಾತುವಿನಿಂದಲೇ ‘ಯಂತಾ’ ಎನಿಸುತ್ತಾನೆ, ಅಂದರೆ ಸಾರಥಿ. ‘ಸಂ’ ಎಂದರೆ ಒಟ್ಟಾಗಿ, ಚೆನ್ನಾಗಿ. ಲ್ಯಾಟಿನ್ ಭಾಷೆಯಲ್ಲಿಯೂ ಸಂಯಮಕ್ಕೆ ಇರುವ ಶಬ್ದ ಒಟ್ಟಾಗಿ ಹಿಡಿದುಕೊಳ್ಳುವುದು ಎಂಬ ಅರ್ಥದಿಂದಲೇ ಹುಟ್ಟಿದುದು ಗಮನಾರ್ಹ. ಕಠೋಪನಿಷತ್ತು ಶರೀರವನ್ನು ರಥವೆಂದೂ ಇಂದ್ರಿಯಗಳನ್ನು ಕುದುರೆಗಳೆಂದೂ ಮನಸ್ಸನ್ನು ಹಗ್ಗವೆಂದೂ ಬುದ್ಧಿಯನ್ನು ಸಾರಥಿಯೆಂದೂ ರೂಪಿಸುತ್ತದೆ. ಅಲ್ಲಿ ಕುದುರೆಗಳನ್ನು ಕೊಲ್ಲಬೇಕೆಂದು ಹೇಳಿಲ್ಲ. ಕುದುರೆಯಿಲ್ಲದ ರಥ ಊರು ಸೇರದು. ಶಮದಮಾದಿಗಳಲ್ಲಿ ಬರುವ ‘ದಮ’ವೆಂಬ ಶಬ್ದಕ್ಕೂ ಪಳಗಿಸುವುದು ಎಂದೇ ಅರ್ಥ, ನೊಗಕ್ಕೆ ಕಟ್ಟಿ ಪಳಗಿಸಬೇಕಾದ ಎಳೆಯ ಹೋರಿಗೆ ಸಂಸ್ಕೃತದಲ್ಲಿ ‘ದಮ್ಯ’ ಎಂದು ಹೆಸರು. ನಮ್ಮ ಹಾವೇರಿ ಜಿಲ್ಲೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೀಪಾವಳಿಯ ಹೊತ್ತಿಗೆ ಹೋರಿ ಬೆದರಿಸುವ ಆಟದಲ್ಲಿ ಮಿಂಚಿನಂತೆ ಓಡುವ ಹೋರಿಯ ಬಲಕ್ಕೆ ಹಿಗ್ಗುವ ಒಕ್ಕಲಿಗನು, ಆ ಬಲವೇ ಹೊಲದಲ್ಲಿ ಮಿಣಿಗೆ ಒಗ್ಗಿ ಸಾಲು ತಪ್ಪದೆ ನಡೆಯಲೆಂದು ಬಯಸುತ್ತಾನೆ. ಅದರ ಬಲವೇ ಉಡುಗಲೆಂದು ಬಯಸುವುದಿಲ್ಲ. ಅಚ್ಚಕನ್ನಡದ ನುಡಿಗಟ್ಟುಗಳು ಕೂಡ ಇದನ್ನೇ ಹೇಳುತ್ತವೆ. ಬಾಯಿ ಕಟ್ಟು, ಕೈ ಬಿಗಿಹಿಡಿ, ಮನಸ್ಸನ್ನು ಹಿಡಿ ಎನ್ನುತ್ತೇವೆ. ತಪ್ಪಿದಾಗ ನಾಲಿಗೆಯನ್ನು ಹರಿಯಬಿಟ್ಟನು ಎನ್ನುತ್ತೇವೆ. ಚಪಲವೆಂಬ ಎರವಲು ಶಬ್ದದಲ್ಲಿ ಜಾರಿಹೋದ ಹೊಣೆಯು ಈ ಕನ್ನಡ ಕ್ರಿಯಾಪದಗಳಲ್ಲಿ ಭದ್ರವಾಗಿದೆ. ಕಟ್ಟುವವನು, ಹಿಡಿಯುವವನು, ಹರಿಯಬಿಡುವವನು ಎಲ್ಲವೂ ಒಬ್ಬನೇ.

ಕೀಚಕನಂತಹ ದುಷ್ಟನ ವಿಷಯ ಹಾಗಿರಲಿ. ಸಜ್ಜನರ ಕೈಯಿಂದಲೂ ಹಗ್ಗ ಜಾರುವುದುಂಟಲ್ಲ, ಅದು ಹೇಗೆ? ಇದಕ್ಕೆ ನಳಮಹಾರಾಜನ ಕಥೆಗಿಂತ ಉತ್ತಮವಾದ ದೃಷ್ಟಾಂತವಿಲ್ಲ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಜನಿಸಿ, ಕಾಗಿನೆಲೆಯ ಆದಿಕೇಶವನನ್ನು ಆರಾಧಿಸಿ, ಶ್ರೀವ್ಯಾಸರಾಯರ ಅನುಗ್ರಹಕ್ಕೆ ಪಾತ್ರರಾದ ಕನಕದಾಸರು ಈ ಕಥೆಯನ್ನು ‘ನಳಚರಿತ್ರೆ’ಯೆಂಬ ಹೆಸರಿನಿಂದ ಭಾಮಿನಿ ಷಟ್ಪದಿಯಲ್ಲಿ ಹಾಡಿ ನಮ್ಮ ಮನೆಮನೆಗೆ ತಲುಪಿಸಿದರು. ಮೂಲವು ಮಹಾಭಾರತದ ವನಪರ್ವದಲ್ಲಿದೆ. ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಕಾಡು ಸೇರಿದ ಧರ್ಮರಾಜನಿಗೆ ಬೃಹದಶ್ವರೆಂಬ ಋಷಿಗಳು, ನಿನ್ನಂತೆಯೇ ಸೋತು ಮತ್ತೆ ಗೆದ್ದವನೊಬ್ಬನಿದ್ದನು ಎಂದು ಹೇಳಿದ ಕಥೆಯಿದು.

ನಳನಲ್ಲಿ ದೋಷವೆಂಬುದು ಕಾಣುತ್ತಿರಲಿಲ್ಲ. ಅವನೊಳಗೆ ಹೋಗಬೇಕೆಂದು ಹೊಂಚುಹಾಕಿದ ಕಲಿಯು ಹನ್ನೆರಡನೆಯ ವರ್ಷದವರೆಗೆ ಕಾದನು. ಒಂದು ಸಂಜೆ ನಳನು ಮೂತ್ರವಿಸರ್ಜನೆಯ ನಂತರ ಕಾಲು ತೊಳೆಯದೆ ಆಚಮನ ಮಾಡಿ ಸಂಧ್ಯೋಪಾಸನೆಗೆ ಕುಳಿತನು. ಆ ಸಣ್ಣ ಲೋಪದಲ್ಲಿ ಕಲಿಗೆ ದಾರಿ ಸಿಕ್ಕಿತು. ಕಾಲು ತೊಳೆಯದಿದ್ದುದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಇಂದಿನವರು ಕೇಳಬಹುದು. ಕಥೆಯ ಅಭಿಪ್ರಾಯ ಬೇರೆ. ಇಷ್ಟೇ ತಾನೆ, ಇವತ್ತೊಂದು ದಿನ ಎಂದು ಹಗ್ಗವನ್ನು ಸಡಿಲಬಿಡುವ ಕ್ಷಣವೇ ಮುಂದಿನ ದೊಡ್ಡ ಜಾರಿಕೆಯ ಬೀಜ. ಹನ್ನೆರಡು ವರ್ಷ ಬಿಗಿಯಾಗಿದ್ದ ಕೈ ಯುದ್ಧದಲ್ಲಿ ಸಡಿಲವಾಗಲಿಲ್ಲ, ನಿತ್ಯದ ಆಚಾರದಲ್ಲಿ ಸಡಿಲವಾಯಿತು. ಆಮೇಲೆ ಪುಷ್ಕರನೊಡನೆ ಪಗಡೆ ಆರಂಭವಾಯಿತು. ಪ್ರಜೆಗಳು ಬಾಗಿಲಲ್ಲಿ ನಿಂತು ಕರೆದರು, ಮಂತ್ರಿಗಳು ಬೇಡಿದರು, ದಮಯಂತಿ ಅತ್ತಳು. ಅವನು ತಿರುಗಿ ನೋಡಲಿಲ್ಲ. ರಾಜ್ಯ ಹೋಯಿತು, ಮೈಮೇಲಿನ ಬಟ್ಟೆಯೂ ಹೋಯಿತು. ಕಡೆಗೆ ಕಾಡಿನಲ್ಲಿ ಮಲಗಿದ್ದ ಹೆಂಡತಿಯನ್ನು ಬಿಟ್ಟುಹೋಗುವ ಸಂದರ್ಭದಲ್ಲಿ ನಳನು ನಾಲ್ಕು ಹೆಜ್ಜೆ ಹೋಗಿ ಮರಳಿ ಬರುತ್ತಾನೆ, ಮತ್ತೆ ಹೋಗುತ್ತಾನೆ, ಮತ್ತೆ ಬರುತ್ತಾನೆ. ಅವನ ಹೃದಯ ಎರಡಾಗಿ, ತೂಗುಯ್ಯಾಲೆಯಂತೆ ಆಚೀಚೆ ಆಡುತ್ತಿತ್ತೆಂದು ವ್ಯಾಸರು ವರ್ಣಿಸಿದ್ದಾರೆ. ಚಾಪಲವೆಂಬ ಶಬ್ದದ ಮೂಲಾರ್ಥಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇಕೆ? ಇಲ್ಲಿ ಆಸೆಯ ಸುಳಿವೇ ಇಲ್ಲ. ನಿಲ್ಲಲಾರದಿರುವುದು ಮಾತ್ರ ಇದೆ.

ಅವನು ಗೆದ್ದ ಬಗೆಯೂ ಅಷ್ಟೇ ಮನನೀಯ. ಕರ್ಕೋಟಕನ ವಿಷದಿಂದ ರೂಪ ಬದಲಾದ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣನಲ್ಲಿ ಸಾರಥಿಯಾಗಿ ಸೇರುತ್ತಾನೆ. ರಾಜನಾಗಿದ್ದಾಗ ತನ್ನನ್ನು ಹಿಡಿಯಲಾರದೆ ಹೋದವನು ಈಗ ದಿನವೂ ಕುದುರೆಗಳ ಹಗ್ಗ ಹಿಡಿಯುವ ಕೆಲಸದಲ್ಲಿದ್ದಾನೆ. ವಿದರ್ಭದ ದಾರಿಯಲ್ಲಿ ಒಂದು ತಾರೆಮರದ ಬಳಿ ಋತುಪರ್ಣನು ಅವನಿಗೆ ‘ಅಕ್ಷಹೃದಯ’ವೆಂಬ ವಿದ್ಯೆಯನ್ನು ಕೊಡುತ್ತಾನೆ, ಅದಕ್ಕೆ ಪ್ರತಿಯಾಗಿ ನಳನಿಂದ ಅಶ್ವಹೃದಯವನ್ನು ಪಡೆಯುವ ಒಪ್ಪಂದ. ವಿದ್ಯೆ ದೊರೆತೊಡನೆ ಕಲಿಯು ವಿಷವನ್ನು ಕಾರುತ್ತಾ ನಳನ ದೇಹದಿಂದ ಹೊರಬಿದ್ದು ಆ ಮರವನ್ನು ಸೇರುತ್ತಾನೆ. ಅಕ್ಷವೆಂದರೆ ದಾಳ. ಆದರೆ ಅಕ್ಷವೆಂದರೆ ಇಂದ್ರಿಯವೂ ಹೌದು. ‘ಪ್ರತ್ಯಕ್ಷ’ವೆಂಬ ಶಬ್ದದಲ್ಲಿ ಆ ಅರ್ಥವಿದೆ. ನಾವು ಪ್ರತಿದಿನ ಆಚಮನಕಾಲದಲ್ಲಿ ಹೇಳುವ ಕೇಶವಾದಿ ಇಪ್ಪತ್ತನಾಲ್ಕು ನಾಮಗಳಲ್ಲಿ ಒಂದಾದ ‘ಅಧೋಕ್ಷಜ’ ಶಬ್ದಕ್ಕೆ, ಇಂದ್ರಿಯಜನ್ಯವಾದ ಜ್ಞಾನವು ಯಾರನ್ನು ಮುಟ್ಟದೆ ಕೆಳಗೇ ಉಳಿಯುವುದೋ ಅವನು ಎಂದು ಹಿರಿಯರು ಅರ್ಥ ಹೇಳುತ್ತಾರೆ. ಹೀಗೆ ನೋಡಿದರೆ ಅಕ್ಷಹೃದಯವು ದಾಳಗಳ ಮರ್ಮವಾಗಿರುವಂತೆ ಇಂದ್ರಿಯಗಳ ಮರ್ಮವೂ ಆಗುತ್ತದೆ. ಜೂಜಿಗೆ ಹೆದರಿ ಓಡಿಹೋದುದರಿಂದ ನಳನು ಗುಣಹೊಂದಲಿಲ್ಲ; ತನ್ನನ್ನು ಸೋಲಿಸಿದುದರ ಒಳಮರ್ಮವನ್ನು ತಿಳಿದು ಗುಣಹೊಂದಿದನು.

ಇಲ್ಲಿ ಒಂದು ಶಂಕೆ ಏಳುತ್ತದೆ, ಅದೂ ವಿಶೇಷವಾಗಿ ನಮ್ಮಂತಹ ತತ್ತ್ವವಾದಿಗಳ ಮನೆಗಳಲ್ಲಿ. ಶ್ರೀಹರಿಯೊಬ್ಬನೇ ಸ್ವತಂತ್ರನು, ಜೀವನು ಸರ್ವಥಾ ಪರತಂತ್ರನು, ಹುಲ್ಲುಕಡ್ಡಿಯೂ ಅವನ ಇಚ್ಛೆಯಿಲ್ಲದೆ ಅಲುಗದು. ಹಾಗಿರುವಾಗ ನಾನು ತಪ್ಪಿದೆನೆಂದರೆ ತಪ್ಪಿಸಿದವನು ಅವನೇ ಅಲ್ಲವೆ? ನಳನೊಳಗೆ ಕಲಿ ಹೊಕ್ಕಂತೆ ನನ್ನೊಳಗೂ ಯಾರೋ ಹೊಕ್ಕರು, ನನ್ನದೇನು ತಪ್ಪು? ಈ ಮಾತನ್ನು ಕುಡಿತಕ್ಕೆ ಬಿದ್ದವರ, ಕೋಪದಲ್ಲಿ ಕೈಯೆತ್ತುವವರ ಬಾಯಲ್ಲಿ ಕೇಳುತ್ತೇವೆ. ವೇದಾಂತವನ್ನು ಓದಿಕೊಂಡವರ ಬಾಯಲ್ಲಿಯೂ ಕೇಳುತ್ತೇವೆ. ಇದು ಹೊಸ ಮಾತಲ್ಲ. ಪಾಂಡವಗೀತೆಯೆಂಬ ಸ್ತೋತ್ರಸಂಗ್ರಹದಲ್ಲಿ ಇದು ದುರ್ಯೋಧನನ ಮಾತಾಗಿ ಬಂದಿದೆ. ಧರ್ಮವೇನೆಂದು ಬಲ್ಲೆ, ಅದರಲ್ಲಿ ನಡೆಯಲಾರೆ. ಅಧರ್ಮವೇನೆಂದು ಬಲ್ಲೆ, ಅದನ್ನು ಬಿಡಲಾರೆ. ಹೃದಯದಲ್ಲಿರುವ ಹೃಷೀಕೇಶನು ನಿಯೋಜಿಸಿದಂತೆ ಮಾಡುತ್ತೇನೆ ಎಂದು ಅದರ ಸಾರಾಂಶ. ಕೇಳಲು ಶರಣಾಗತಿಯಂತೆಯೇ ಇದೆ.

ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನನೂ ಬಹುಮಟ್ಟಿಗೆ ಇದೇ ಮಾತನ್ನು ಎತ್ತುತ್ತಾನೆ. ಇಚ್ಛೆಯಿಲ್ಲದಿದ್ದರೂ ಬಲಾತ್ಕಾರದಿಂದ ನಿಯೋಜಿತನಾದವನಂತೆ ಮನುಷ್ಯನು ಯಾರ ಪ್ರೇರಣೆಯಿಂದ ಪಾಪ ಮಾಡುತ್ತಾನೆ ಎಂದು ಕೇಳುತ್ತಾನೆ. ಎರಡೂ ಕಡೆ ನಿಯೋಜನೆಯ ಮಾತೇ ಇದೆ. ಆದರೆ ಅರ್ಜುನನ ಮಾತಿನಲ್ಲಿ ‘ಇವ’ ಎಂಬ ಒಂದು ಅವ್ಯಯವಿದೆ. ‘ಎಂಬಂತೆ’ ಎಂದು ಅದರ ಅರ್ಥ. ಬಲಾತ್ಕಾರವಾದಂತೆ ತೋರುತ್ತದೆ ಎಂದನೇ ಹೊರತು ಬಲಾತ್ಕಾರವೇ ನಡೆಯಿತೆಂದು ಹೇಳಲಿಲ್ಲ. ಇನ್ನೊಂದು ಭೇದವೂ ಉಂಟು. ಅರ್ಜುನನು ಅದನ್ನು ಪ್ರಶ್ನೆಯಾಗಿ ಗುರುವಿನ ಮುಂದಿಟ್ಟನು. ದುರ್ಯೋಧನನು ಅದನ್ನೇ ನಿರ್ಣಯವಾಗಿ ಮಾಡಿಕೊಂಡು ವಿಚಾರವನ್ನು ಮುಗಿಸಿದನು. ಪ್ರಶ್ನೆ ಮಾಡಿದವನಿಗೆ ಉತ್ತರ ದೊರೆಯಿತು: ರಜೋಗುಣದಿಂದ ಹುಟ್ಟಿದ ಕಾಮವೂ ಕ್ರೋಧವೂ ಶತ್ರುಗಳು, ಇಂದ್ರಿಯ, ಮನಸ್ಸು, ಬುದ್ಧಿಗಳು ಅವುಗಳ ನೆಲೆ, ಆದ್ದರಿಂದ ಮೊದಲು ಇಂದ್ರಿಯಗಳನ್ನು ಹಿಡಿತಕ್ಕೆ ತಾ. ನಿರ್ಣಯ ಮಾಡಿಕೊಂಡವನಿಗೆ ಉತ್ತರದ ಅವಶ್ಯಕತೆಯೇ ಕಾಣಲಿಲ್ಲ.

ಶ್ರೀಮದಾಚಾರ್ಯರ ಸಿದ್ಧಾಂತವು ಈ ಶಂಕೆಗೆ ಸ್ಪಷ್ಟವಾದ ಸಮಾಧಾನವನ್ನು ಕೊಟ್ಟಿದೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನಿಗೆ ಕರ್ತೃತ್ವವುಂಟೆಂದು ನಿರ್ಣಯಿಸಲಾಗಿದೆ. ಕರ್ತೃತ್ವವಿಲ್ಲವಾದರೆ ಇದನ್ನು ಮಾಡು, ಇದನ್ನು ಬಿಡು ಎನ್ನುವ ಶಾಸ್ತ್ರವೆಲ್ಲವೂ ವ್ಯರ್ಥವಾಗುತ್ತದೆ; ಕಲ್ಲಿಗೆ ಯಾರೂ ವಿಧಿನಿಷೇಧ ಹೇಳುವುದಿಲ್ಲ. ಆದರೆ ಆ ಕರ್ತೃತ್ವ ಪರಾಧೀನವಾದುದು. ಇದಕ್ಕೆ ಸೂತ್ರಕಾರರೇ ಕೊಟ್ಟಿರುವ ದೃಷ್ಟಾಂತ ಬಡಗಿಯದು. ಮನೆ ಕಟ್ಟಿಸುವ ಯಜಮಾನನ ಅಧೀನದಲ್ಲಿ ಬಡಗಿಯು ಕೆಲಸ ಮಾಡುತ್ತಾನೆ. ಹಾಗೆಂದು ಉಳಿ ಹಿಡಿದವನು ಬಡಗಿಯಲ್ಲವೆಂದು ಯಾರಾದರೂ ಹೇಳುವರೆ? ಬಾಗಿಲು ಓರೆಯಾದರೆ ‘ಯಜಮಾನರು ಹೇಳಿದ್ದಕ್ಕೇ ಮಾಡಿದೆ’ ಎಂಬ ಬಡಗಿಯ ಮಾತನ್ನು ಯಾವ ಊರಿನ ಪಂಚರೂ ಒಪ್ಪುವುದಿಲ್ಲ. ಭಗವಂತನು ಜೀವನ ಅನಾದಿ ಯೋಗ್ಯತೆ, ಹಿಂದಿನ ಕರ್ಮ, ಇಂದಿನ ಪ್ರಯತ್ನ ಇವುಗಳನ್ನು ಅಪೇಕ್ಷಿಸಿಯೇ ಪ್ರೇರಣೆ ಕೊಡುತ್ತಾನೆ. ಹಾಗೆ ಅಪೇಕ್ಷಿಸುವುದೂ ಅವನ ಸ್ವಾತಂತ್ರ್ಯಕ್ಕೆ ಸೇರಿದುದೇ. ಆದ್ದರಿಂದ ‘ಅವನು ಮಾಡಿಸಿದನು’ ಎಂಬ ಮಾತು ಸತ್ಯವಾದರೂ ‘ನಾನು ಮಾಡಲಿಲ್ಲ’ ಎಂಬ ಮಾತು ಅದರಿಂದ ಹೊರಡುವುದಿಲ್ಲ. ಪುಣ್ಯ ಮಾಡಿದಾಗ ನಾನು ಎಂದು ಎದೆಯುಬ್ಬಿಸಿ, ಪಾಪ ಮಾಡಿದಾಗ ಅವನು ಎಂದು ಬೆರಳು ತೋರಿಸುವವನು ಪಾರತಂತ್ರ್ಯವನ್ನು ನಂಬಿದವನಲ್ಲ. ತನಗೆ ಬೇಕಾದಾಗ ಅದನ್ನು ಹೊದ್ದುಕೊಳ್ಳುವವನು.

‘ಯಮ್’ ಧಾತುವಿನ ವಿಚಾರವನ್ನು ಇಲ್ಲಿ ಪುನಃ ನೆನೆಯಬೇಕು. ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಉದ್ದಾಲಕನಿಗೆ ಉಪದೇಶಿಸಿದ ‘ಅಂತರ್ಯಾಮಿ’ಯೆಂಬ ಶಬ್ದವೂ ಇದೇ ಧಾತುವಿನಿಂದ ಬಂದುದು. ಒಳಗಿದ್ದು ಹಿಡಿಯುವವನು ಅಂತರ್ಯಾಮಿ. ಸಂಯಮ, ನಿಯಮ, ನಿಯಾಮಕ, ಯಂತಾ, ಅಂತರ್ಯಾಮಿ ಇವೆಲ್ಲವೂ ಒಂದೇ ಬೇರಿನ ಶಬ್ದಗಳು. ಹೀಗಿರುವಾಗ ಅಂತರ್ಯಾಮಿಯ ಹೆಸರು ಹೇಳಿ ಅಸಂಯಮವನ್ನು ಸಮರ್ಥಿಸುವುದು, ಸಾರಥಿಯಿದ್ದಾನೆಂಬ ಕಾರಣದಿಂದ ರಥ ಹಳ್ಳಕ್ಕೆ ಬಿತ್ತು ಎಂದಂತೆ. ನಮ್ಮೊಳಗೆ ಹಿಡಿಯುವವನೊಬ್ಬನಿದ್ದಾನೆಂಬುದು ಕೈಬಿಡುವುದಕ್ಕೆ ಕಾರಣವಾಗಲಾರದು. ಹಿಡಿಯಬಲ್ಲೆವೆಂಬ ಧೈರ್ಯಕ್ಕೆ ಕಾರಣವಾಗಬೇಕು. ಜೀವನ ಸಣ್ಣ ಹಿಡಿತವು ಅವನ ಮಹಾಹಿಡಿತದ ಬಿಂಬಾಧೀನವಾದ ಪ್ರತಿಬಿಂಬ. ‘ಹೃಷೀಕೇಶ’ ಎಂದರೆ ಇಂದ್ರಿಯಗಳ ಒಡೆಯ. ಅರ್ಜುನನ ರಥದಲ್ಲಿ ಹಗ್ಗ ಹಿಡಿದು ಕುಳಿತ ಆ ಹೃಷೀಕೇಶನು ಹದಿನೆಂಟು ಅಧ್ಯಾಯ ಉಪದೇಶಿಸಿದ ಮೇಲೆ, ಇದೆಲ್ಲವನ್ನೂ ಚೆನ್ನಾಗಿ ವಿಮರ್ಶಿಸಿ ನಿನ್ನಿಚ್ಛೆಯಂತೆ ಮಾಡು ಎಂದನು. ಸರ್ವನಿಯಾಮಕನೇ ಜೀವನಿಗೆ ವಿಮ(ರ್ಶೆಯ ಹೊಣೆಯನ್ನು ಒಪ್ಪಿಸಿರುವಾಗ ಅದನ್ನು ಮರಳಿ ಅವನ ಮೇಲೆ ಹೊರಿಸಲು ನಮಗೆ ಅಧಿಕಾರವಿಲ್ಲ.

ಇನ್ನು ಈ ಹಿಡಿತವನ್ನು ಕಲಿಯುವ ಬಗೆ ಹೇಗೆ? ಮನಸ್ಸನ್ನು ನಿಗ್ರಹಿಸುವುದು ಕಷ್ಟವೆಂದು ಅರ್ಜುನನು ಹೇಳಿದಾಗ ಭಗವಂತನು ಅದನ್ನು ಅಲ್ಲಗಳೆಯಲಿಲ್ಲ. ಅಭ್ಯಾಸ ವೈರಾಗ್ಯಗಳಿಂದ ಸಾಧ್ಯವೆಂದನು. ಆ ಅಭ್ಯಾಸಕ್ಕಾಗಿ ಹಿರಿಯರು ಚಾತುರ್ಮಾಸ್ಯವ್ರತವನ್ನು ಎಷ್ಟು ವಿವೇಕದಿಂದ ಜೋಡಿಸಿದ್ದಾರೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಮೊದಲ ತಿಂಗಳು ಶಾಕ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ದ್ವಿದಳಧಾನ್ಯ ವರ್ಜ್ಯ. ಎಲ್ಲವನ್ನೂ ಒಮ್ಮೆಗೇ ಬಿಡಬೇಕೆಂದು ವಿಧಿಸಿಲ್ಲ. ಒಂದು ಹೋಗುತ್ತದೆ, ತಿಂಗಳಾದ ಮೇಲೆ ಅದು ಬರುತ್ತದೆ, ಇನ್ನೊಂದು ಹೋಗುತ್ತದೆ. ಹೊಸ ಸಾರಥಿಯ ಕೈಗೆ ಒಂದು ಸಲಕ್ಕೆ ಒಂದೇ ಕುದುರೆಯ ಹಗ್ಗವನ್ನು ಕೊಟ್ಟು ಪಳಗಿಸುವ ಕ್ರಮ ಇದು. ಹಾಲು ಮೊಸರುಗಳು ಕೆಟ್ಟ ಪದಾರ್ಥಗಳೆಂದು ಬಿಡುವುದಿಲ್ಲ. ಬಿಡಬಲ್ಲ ಕೈಯನ್ನು ಪಡೆಯುವುದಕ್ಕಾಗಿ ಬಿಡುತ್ತೇವೆ. ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿಯ ಆಸುಪಾಸಿನಲ್ಲಿ ವಾಸಿಸುವ ನಮಗೆ ಶಾಕವ್ರತದ ತಿಂಗಳು ಮೆಣಸಿನಕಾಯಿ, ಹುಣಸೆಹಣ್ಣು ಎರಡೂ ಇಲ್ಲದ ಊಟ ಸಾಮಾನ್ಯ ಪರೀಕ್ಷೆಯಲ್ಲ. ಕಾಳುಮೆಣಸು, ಜೀರಿಗೆ, ಒಣಗಿಸಿದ ಮಾವಿನಕಾಯಿಗಳಿಂದ ರುಚಿ ಹೊಂದಿಸುವ ಗೃಹಿಣಿಯರ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ಬಿಟ್ಟದ್ದರ ರುಚಿಯನ್ನೇ ಬೇರೊಂದರಲ್ಲಿ ಕಟ್ಟಿ ತರುವುದರಲ್ಲಿಯೇ ತಿಂಗಳೆಲ್ಲ ಕಳೆದುಹೋದರೆ, ನಾಲಿಗೆಯು ವ್ರತವನ್ನು ಗೆದ್ದಂತಾಯಿತೇ ಹೊರತು ನಾವು ನಾಲಿಗೆಯನ್ನು ಗೆದ್ದಂತಾಗಲಿಲ್ಲ. ವರ್ಷವೆಲ್ಲ ಸಂಚರಿಸುವ ಯತಿಗಳು ಚಾತುರ್ಮಾಸ್ಯದಲ್ಲಿ ಒಂದೇ ಕಡೆ ನಿಲ್ಲುತ್ತಾರೆ ಎಂಬುದನ್ನೂ ಇಲ್ಲಿ ಸ್ಮರಿಸಬೇಕು. ಅಚಾಪಲವೆಂದರೆ ಸ್ಥೈರ್ಯ ಎಂಬ ಶಬ್ದಾರ್ಥವನ್ನು ಅವರು ಮಾತಿಲ್ಲದೆ ಆಚರಿಸಿ ತೋರಿಸುತ್ತಾರೆ.

ಇಂದಿನ ಮನೆಗಳಲ್ಲಿ ಚಾಪಲದ ಪರೀಕ್ಷೆ ಅಡಿಗೆಮನೆಯಲ್ಲಿ ಮಾತ್ರ ನಡೆಯುತ್ತಿಲ್ಲ. ಪುಷ್ಕರನು ದಾಳ ಹಿಡಿದು ಈಗ ಅರಮನೆಗೆ ಬರಬೇಕಾಗಿಲ್ಲ; ಅಂಗೈಯ ಮೊಬೈಲಿನಲ್ಲಿಯೇ ಬರುತ್ತಾನೆ. ಹಣವಿಟ್ಟು ಆಡುವ ಇಂತಹ ಆಟಗಳಿಂದ ಸಂಸಾರಗಳು ಸಾಲದಲ್ಲಿ ಮುಳುಗಿದ ಸುದ್ದಿಗಳು ಹೆಚ್ಚಿದ್ದರಿಂದ 2025ರಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾಯ್ದೆಯನ್ನೇ ಮಾಡಬೇಕಾಯಿತು. ಕಾಯ್ದೆ ಅವಶ್ಯಕವೇ, ಏರಿಯಿಲ್ಲದೆ ಕೆರೆ ನಿಲ್ಲದು. ಆದರೆ ಹೊರಗಿನ ಏರಿ ಎಷ್ಟೇ ಗಟ್ಟಿಯಾಗಿರಲಿ, ತೂಬಿನ ಬಳಿ ನಿಂತು ಎಷ್ಟು ಬಿಡಬೇಕು, ಯಾವಾಗ ಮುಚ್ಚಬೇಕು ಎಂದು ನೋಡುವವನು ಬೇಕು. ಆ ಕೆಲಸವನ್ನು ಪ್ರತಿಯೊಬ್ಬನೂ ತನ್ನ ಮಟ್ಟಿಗೆ ತಾನೇ ಮಾಡಬೇಕು.

ಜಾರಿದವರನ್ನು ಕಂಡಾಗ ನಾವು ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ನಳನ ಕಥೆಯೇ ಕಲಿಸುತ್ತದೆ. ದಮಯಂತಿಯು ಗಂಡನ ತಪ್ಪನ್ನು ತಪ್ಪಲ್ಲವೆಂದು ಹೇಳಲಿಲ್ಲ. ಜೂಜಿನ ಮನೆಯ ಬಾಗಿಲಲ್ಲಿ ನಿಂತು ಎಚ್ಚರಿಸಿದಳು, ಮಕ್ಕಳನ್ನು ಸುರಕ್ಷಿತವಾಗಿ ತವರಿಗೆ ಕಳುಹಿಸಿದಳು. ಹಾಗೆಂದು ಅವನು ಇನ್ನು ಸರಿಹೋಗಲಾರನೆಂದು ಕೈಬಿಡಲೂ ಇಲ್ಲ. ಊರೂರಿಗೆ ಬ್ರಾಹ್ಮಣರನ್ನು ಕಳುಹಿಸಿ ಹುಡುಕಿಸಿದಳು. ಮನೆಯಲ್ಲೊಬ್ಬರು ಕುಡಿತಕ್ಕೋ ಜೂಜಿಗೋ ಕೋಪಕ್ಕೋ ವಶರಾದಾಗ ‘ಅವನ ಸ್ವಭಾವವೇ ಅಷ್ಟು’ ಎಂದು ಮುಚ್ಚಿಹಾಕುವುದೂ ತಪ್ಪು, ‘ಅವನು ಕೆಟ್ಟನು’ ಎಂದು ಬಾಗಿಲು ಹಾಕುವುದೂ ತಪ್ಪು. ವೈದ್ಯರ ಸಹಾಯ ಬೇಕಾದಲ್ಲಿ ಅದನ್ನು ಪಡೆಯಲು ಸಂಕೋಚಪಡಬಾರದು. ಹಗ್ಗ ಕೈಜಾರಿದವನಿಗೆ ಹಗ್ಗವನ್ನು ಮತ್ತೆ ಎತ್ತಿಕೊಡುವುದೇ ಬಂಧುಗಳ ಧರ್ಮ. ಅದನ್ನು ಹಿಡಿಯುವುದು ಮಾತ್ರ ಅವನದೇ ಕೆಲಸ.

ಆದ್ದರಿಂದ ಗೀತೆಯಲ್ಲಿ ಬರುವ ಆ ಚಿಕ್ಕ ಶಬ್ದವನ್ನು ಇನ್ನು ಮುಂದೆ ದಾಟಿಹೋಗದಿರೋಣ. ಚಪಲವು ನಮಗೆ ಅಂಟಿಕೊಂಡ ಜ್ವರವಲ್ಲ, ನಮ್ಮ ಕೈ ಸಡಿಲವಾದುದರ ಹೆಸರು ಎಂದು ತಿಳಿದರೆ, ಆ ಕೈಯನ್ನು ಬಿಗಿಮಾಡಿಕೊಳ್ಳುವುದೂ ನಮಗೆ ಸಾಧ್ಯವೆಂದು ತಿಳಿದಂತೆಯೇ. ಒಂದು ಏಕಾದಶಿಯನ್ನು ನೆಪವಿಲ್ಲದೆ ಆಚರಿಸುವುದು, ಬಾಯಿಗೆ ಬಂದ ಒಂದು ಕಟುವಾದ ಮಾತನ್ನು ಆಡದೆ ನುಂಗುವುದು, ತಪ್ಪಿದಾಗ ‘ನಾಲಿಗೆ ಕೇಳಲಿಲ್ಲ’ ಎನ್ನುವ ಬದಲು ‘ನಾನು ಆಡಿಬಿಟ್ಟೆ’ ಎನ್ನುವುದು, ಇಷ್ಟರಿಂದಲೇ ಅಭ್ಯಾಸ ಆರಂಭವಾಗುತ್ತದೆ. ಹಿಡಿಯುವ ಶಕ್ತಿಯನ್ನು ಒಳಗಿದ್ದು ಕೊಡುವ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ನಮ್ಮೆಲ್ಲರ ಈ ಅಲ್ಪಪ್ರಯತ್ನವನ್ನು ಸ್ವೀಕರಿಸಿ ಸ್ಥಿರವಾದ ಬುದ್ಧಿಯನ್ನು ಅನುಗ್ರಹಿಸಲಿ ಎಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.